ಯೆರೂಸಲೇಮಿಗೆ ಕುಟುಂಬ ಯಾತ್ರೆ: ಪ್ರಶ್ನೆ ಕೇಳಿದ ಮಗ

ಇವತ್ತಿನ ಪಾಠಕ್ಕೆ ಲೂಕ 2:41-52 ತೆಗೆಯಿರಿ.

ಈಗ ಇಸ್ರಾಯೇಲ್ ಟೂರ್ ಅಂದ್ರೆ ಬಸ್ಸು, ಗೈಡು, ಅಪ್ಪ-ಅಮ್ಮ, ಅಜ್ಜಿ, ಮಕ್ಕಳು ಎಲ್ಲರೂ ಒಟ್ಟಿಗೆ. ಆದರೆ ಗುಂಪಾಗಿ ಹೋಗುವುದು ಹೊಸದಲ್ಲ. ನಜರೇತಿನ ಈ ಕುಟುಂಬವೂ ಪ್ರತಿ ವರ್ಷ ಪಸ್ಕಹಬ್ಬಕ್ಕೆ ಹಾಗೆಯೇ ಹೋಗುತ್ತಿತ್ತು. ನೂರು ಕಿಲೋಮೀಟರಿಗಿಂತ ಹೆಚ್ಚು ದೂರ, ಹಲವು ದಿನಗಳ ನಡಿಗೆ. ನೆಂಟರು, ಪರಿಚಯದವರು ಎಲ್ಲರೂ ಜೊತೆಗಿದ್ದರು.

1. ಅವರು ಹತ್ತಿದ ಮೆಟ್ಟಿಲುಗಳು

ದೇವಾಲಯದ ದಕ್ಷಿಣ ಭಾಗವನ್ನು ಬೆಂಜಮಿನ್ ಮಜಾರ್ ಅವರ ತಂಡ 1968ರಿಂದ ಅಗೆಯಿತು. ಅಲ್ಲಿ ಯಾತ್ರಿಕರು ಹತ್ತುತ್ತಿದ್ದ ಮೆಟ್ಟಿಲುಗಳಿವೆ. ಕೆಲವು ಹಳೆಯ ಕಲ್ಲುಗಳೇ, ಕೆಲವು ಈಚೆಗೆ ಸರಿಪಡಿಸಿದವು. ಒಂದು ಮೆಟ್ಟಿಲು ಅಗಲ, ಇನ್ನೊಂದು ಕಿರಿದು. ಓಡಿಕೊಂಡು ಹತ್ತೋಕಾಗಲ್ಲ, ನಿಧಾನವಾಗಿಯೇ ಹತ್ತಬೇಕು.

ಹತ್ತಿರದಲ್ಲೇ ಶುದ್ಧಿಸ್ನಾನದ ಕೊಳಗಳಿವೆ. ಪೆಂತೆಕೊಸ್ತ್ ದಿನ ಸುಮಾರು ಮೂರು ಸಾವಿರ ಜನ ದೀಕ್ಷಾಸ್ನಾನ ಹೊಂದಿದರಲ್ಲ (ಅ.ಕೃ. 2:41), ಅಷ್ಟು ನೀರು ಎಲ್ಲಿತ್ತು ಅಂತ ಮಕ್ಕಳು ಕೇಳಬಹುದು. ಒಳ್ಳೆಯ ಪ್ರಶ್ನೆ! ಈ ಕೊಳಗಳನ್ನು ತೋರಿಸಿ ಮಾತಾಡಿ.

2. ಕಲ್ಲಿನಲ್ಲಿ ಬರೆದ ಸಾಕ್ಷಿ

1913ರಲ್ಲಿ ಯೆರೂಸಲೇಮಿನಲ್ಲಿ ಒಂದು ಗ್ರೀಕ್ ಶಾಸನ ಸಿಕ್ಕಿತು. ಥಿಯೊದೊತ ಎಂಬ ಯಾಜಕನು ಸಭಾಮಂದಿರ ಕಟ್ಟಿಸಿದ್ದನ್ನು ಅದು ತಿಳಿಸುತ್ತದೆ. ಯಾಕೆ ಕಟ್ಟಿಸಿದ? ಧರ್ಮಶಾಸ್ತ್ರ ಓದುವುದಕ್ಕೆ, ಆಜ್ಞೆಗಳನ್ನು ಕಲಿಸುವುದಕ್ಕೆ. ದೂರದಿಂದ ಬಂದವರಿಗೆ ಉಳಿಯಲು ಕೋಣೆ, ನೀರಿನ ವ್ಯವಸ್ಥೆಯನ್ನೂ ಮಾಡಿದ. ಯಾತ್ರಿಕರಿಗೆ ಮಲಗಲು ಜಾಗ ಕೊಟ್ಟ ಕಟ್ಟಡದಲ್ಲೇ ಕಲಿಯಲು ಜಾಗವೂ ಇತ್ತು ನೋಡಿ.

3. ಮಗ ಎಲ್ಲಿದ್ದ?

ಹಿಂತಿರುಗುವಾಗ ಯೋಸೇಫ, ಮರಿಯ ಒಂದು ದಿನದ ದಾರಿ ನಡೆದರು. ಮಗ ಗುಂಪಿನಲ್ಲೇ ಎಲ್ಲೋ ಇರಬೇಕು ಅಂದುಕೊಂಡರು. ಅವನು ಇರಲಿಲ್ಲ. ಮೂರು ದಿನದ ಮೇಲೆ ದೇವಾಲಯದಲ್ಲಿ ಸಿಕ್ಕಿದಾಗ ಏನು ಮಾಡುತ್ತಿದ್ದ? ಬೋಧಕರ ನಡುವೆ ಕುಳಿತು ಕೇಳಿಸಿಕೊಳ್ಳುತ್ತಿದ್ದ, ಪ್ರಶ್ನೆ ಹಾಕುತ್ತಿದ್ದ. ದೇವಕುಮಾರನೇ ಪ್ರಶ್ನೆ ಕೇಳಿದ ಮೇಲೆ, ಪ್ರಶ್ನೆಯೆಲ್ಲ ಅವಿಶ್ವಾಸ ಅನ್ನೋದು ಹೇಗೆ?

ಮಕ್ಕಳು ಕೇಳಬೇಕೆಂದೇ ದೇವರು ಏರ್ಪಾಡು ಮಾಡಿದ್ದಾನೆ. ವಿಮೋಚನಕಾಂಡ 12:26 ಮತ್ತು ಯೆಹೋಶುವ 4:6 ಓದಿ. ಇಂದಿಗೂ ಯೆಹೂದ್ಯರ ಪಸ್ಕ ಊಟದಲ್ಲಿ ಮನೆಯ ಚಿಕ್ಕ ಮಗುವೇ ಪ್ರಶ್ನೆ ಕೇಳುವುದು ವಾಡಿಕೆ. ಆದರೆ ಎಷ್ಟೋ ವಿಶ್ವಾಸಿ ಮನೆಗಳಲ್ಲಿ "ಅನುಮಾನ ಪಡಬೇಡ, ಪ್ರಾರ್ಥನೆ ಮಾಡು" ಅಂತ ಮಾತು ಮುಗಿಸಿಬಿಡ್ತಾರೆ. ಹುಡುಗ ಸುಮ್ಮನಾಗ್ತಾನೆ. ಭಾನುವಾರ ಆರಾಧನೆಗೆ ಬರ್ತಾನೆ, ಕೈ ಎತ್ತುತ್ತಾನೆ. ಗುಂಪಿನಲ್ಲೇ ಇದ್ದಾನೆ ಅಂತ ಎಲ್ಲರೂ ಅಂದುಕೊಳ್ತಾರೆ. ಅವನು ಎಂದೋ ದೂರ ಹೋಗಿರುವುದು ತಡವಾಗಿ ಗೊತ್ತಾಗುತ್ತೆ.

4. ನಾವು ಏನು ಮಾಡೋಣ?

ಕುಟುಂಬವಾಗಿ ಹೋಗುವವರು ಪ್ರತಿ ಸ್ಥಳದಲ್ಲಿ ಫೋಟೋಗಿಂತ ಮೊದಲು ಅಲ್ಲಿಗೆ ಸಂಬಂಧಪಟ್ಟ ವಾಕ್ಯವನ್ನು ಮಕ್ಕಳಿಂದ ಓದಿಸಿ. ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ಅವರ ಪ್ರಶ್ನೆಗಳಿಗೆ ಕೊಡಿ. ಉತ್ತರ ಗೊತ್ತಿಲ್ಲದಿದ್ದರೆ ಒಟ್ಟಿಗೆ ಹುಡುಕಿ. ಹೋಗಲಾಗದವರು ಚಿಂತಿಸಬೇಡಿ. ಧರ್ಮೋಪದೇಶಕಾಂಡ 6:7 ಹೇಳುವ ಜಾಗ ಯಾವುದು? ನಮ್ಮ ಮನೆ, ನಮ್ಮ ದಾರಿ.

ಯೌವನಸ್ಥರೇ, 51ನೇ ವಚನವನ್ನು ಬಿಡಬೇಡಿ. ಪ್ರಶ್ನೆ ಕೇಳಿದ ಅದೇ ಯೇಸು ತಂದೆತಾಯಿಯ ಜೊತೆ ನಜರೇತಿಗೆ ಹೋಗಿ ಅವರಿಗೆ ಅಧೀನನಾಗಿದ್ದನು. ಪ್ರಶ್ನೆ ಇದೆ ಅಂತ ಸಭೆ ಬಿಟ್ಟು ಹೋಗಬೇಡಿ, ಸಭೆಯಲ್ಲಿದ್ದೇವೆ ಅಂತ ಪ್ರಶ್ನೆ ಬಚ್ಚಿಡಬೇಡಿ. ಈ ವಾರ ಒಂದು ಪ್ರಶ್ನೆ ಬರೆದುಕೊಂಡು ತಂದೆತಾಯಿಯ ಹತ್ತಿರವೋ, ಹಿರಿಯ ವಿಶ್ವಾಸಿಯ ಹತ್ತಿರವೋ ಕೂತು ಮಾತಾಡಿ.

ಪ್ರಾರ್ಥಿಸೋಣ. ಕರ್ತನೇ, ನಿನ್ನ ಆತ್ಮನಿಂದ ನಮ್ಮನ್ನು ಸತ್ಯಕ್ಕೆ ನಡೆಸು. ನಮ್ಮ ಮನೆಗಳಲ್ಲಿ ಯಾರೂ ಮೌನವಾಗಿ ಕಳೆದುಹೋಗದಂತೆ ಕಾಪಾಡು. ಯೇಸುವಿನ ನಾಮದಲ್ಲಿ, ಆಮೆನ್.