ಬೀಗತನದಿಂದ ಬೆಳೆದ ರಾಜ್ಯ: ರಾಷ್ಟ್ರಕೂಟರು ಮತ್ತು ಗಂಗರು

ಶ್ರವಣಬೆಳಗೊಳದ ಚಂದ್ರಗಿರಿಯ ಮೇಲೆ ಕ್ರಿ.ಶ. 982ರ ಒಂದು ಶಾಸನವಿದೆ. ರಾಷ್ಟ್ರಕೂಟ ವಂಶದ ನಾಲ್ಕನೆಯ ಇಂದ್ರನು ಸಲ್ಲೇಖನ ವಿಧಿಯಿಂದ ದೇಹತ್ಯಾಗ ಮಾಡಿದ ಸಂಗತಿಯನ್ನು ಅದು ತಿಳಿಸುತ್ತದೆ. ಈತನು ತಂದೆಯ ಕಡೆಯಿಂದ ಮುಮ್ಮಡಿ ಕೃಷ್ಣನ ಮೊಮ್ಮಗ. ತಾಯಿಯ ಕಡೆಯಿಂದ ಗಂಗರ ಇಮ್ಮಡಿ ಬೂತುಗನ ಮೊಮ್ಮಗ.

ಈ ಎರಡು ಮನೆತನಗಳು ಮೊದಲಿಗೆ ಹಗೆಗಳಾಗಿದ್ದವು. ರಾಷ್ಟ್ರಕೂಟ ಧ್ರುವನು ಗಂಗ ಶಿವಮಾರನನ್ನು ಸೆರೆಯಲ್ಲಿರಿಸಿದ್ದನು. ನೃಪತುಂಗ ಅಮೋಘವರ್ಷನೂ ಮೊದಲು ಸೇನಾನಿ ಬಂಕೇಶನನ್ನು ಗಂಗರ ಮೇಲೆ ಕಳುಹಿದನು. ದಂಡಿನಿಂದ ತೀರದ ಜಗಳವನ್ನು ಮುಂದೆ ಮದುವೆಯಿಂದ ತೀರಿಸಿ, ಮಗಳು ಚಂದ್ರೋಬಲಬ್ಬೆಯನ್ನು ಗಂಗ ರಾಜಕುಮಾರ ಒಂದನೆಯ ಬೂತುಗನಿಗೆ ಕೊಟ್ಟನು. ದಕ್ಷಿಣದ ಗಡಿ ಬಹುಕಾಲ ಶಾಂತವಾಯಿತು.

ಉತ್ತರದಲ್ಲಿ, ಇಂದಿನ ಜಬಲ್ಪುರದ ಬಳಿಯ ತ್ರಿಪುರಿಯ ಕಲಚುರಿಗಳೊಡನೆಯೂ ಹಲವು ತಲೆಮಾರು ಹೆಣ್ಣು ತಂದರು. ಆದರೆ ನಂಟು ಎಲ್ಲ ಕಾಲಕ್ಕೂ ಕತ್ತಿಯನ್ನು ತಡೆಯಲಿಲ್ಲ: ತನ್ನ ತಾಯಿಯ ಮತ್ತು ಪತ್ನಿಯ ಹಿರಿಯ ಬಂಧುವನ್ನೇ ಮುಮ್ಮಡಿ ಕೃಷ್ಣನು ಗೆದ್ದನೆಂದು 959ರ ಕರಹಾಡ ತಾಮ್ರಪಟ ಹೇಳುತ್ತದೆ!

ಎಲ್ಲಕ್ಕಿಂತ ಫಲ ಕೊಟ್ಟದ್ದು ಕೃಷ್ಣನ ಅಕ್ಕ ರೇವಕನಿಮ್ಮಡಿಯ ವಿವಾಹ. ಇಮ್ಮಡಿ ಬೂತುಗನನ್ನು ಕೈಹಿಡಿದಾಗ ಆಕೆಯ ಬಳುವಳಿಯಾಗಿ ಬಂದುದು ಪುರಿಗೆರೆ, ಬೆಳ್ವೊಲ, ಕಿಸುಕಾಡು, ಬಾಗೆನಾಡುಗಳು. ಪುರಿಗೆರೆಯೆಂದರೆ ಇಂದಿನ ಲಕ್ಷ್ಮೇಶ್ವರ. ಅನಂತರ ಕೃಷ್ಣನು ರಾಚಮಲ್ಲನನ್ನು ತೆಗೆದು ಭಾವನನ್ನೇ ಗಂಗ ಸಿಂಹಾಸನಕ್ಕೇರಿಸಿದನು. ಭಾವ ಆ ಋಣವನ್ನು 949ರಲ್ಲಿ ತಕ್ಕೋಲದ ರಣರಂಗದಲ್ಲಿ ತೀರಿಸಿದನು. ಚೋಳ ಯುವರಾಜ ರಾಜಾದಿತ್ಯನು ಬೂತುಗನ ಕೈಯಲ್ಲಿ ಮಡಿದನು. ಮೆಚ್ಚಿದ ಕೃಷ್ಣನು ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಇವುಗಳನ್ನು ಕೊಟ್ಟನೆಂದು ಆತಕೂರು ಶಾಸನ ಸಾರುತ್ತದೆ. ಬಳುವಳಿಯ ನಾಡುಗಳೇ ಇಲ್ಲಿ ಮತ್ತೊಮ್ಮೆ ಉಡುಗೊರೆಯಾದುದನ್ನು ವಾಚಕರು ಗಮನಿಸಬೇಕು. ಮುಂದೆ ರೇವಕನಿಮ್ಮಡಿಯ ಮಗ ಮರುಳದೇವನು ಸೋದರಮಾವ ಕೃಷ್ಣನ ಮಗಳು ಬಿಜ್ಜಬ್ಬೆಯನ್ನೇ ವರಿಸಿದನು. ನಮ್ಮ ಮನೆಗಳಿಗೆ ಅಪರಿಚಿತವಲ್ಲದ ಸಂಬಂಧವಿದು.

973ರಲ್ಲಿ ರಾಷ್ಟ್ರಕೂಟರನ್ನು ಉರುಳಿಸಿದ ಚಾಲುಕ್ಯ ತೈಲಪನೂ ಹೊರಗಿನವನಲ್ಲ. ಅವನ ರಾಣಿ ಜಾಕಬ್ಬೆ ರಾಷ್ಟ್ರಕೂಟರ ಮಗಳು, ತಾಯಿ ಬೊಂಥಾದೇವಿ ಕಲಚುರಿಗಳ ಮಗಳು. ಆಗ ಬೂತುಗನ ಮಗ ಮಾರಸಿಂಹನು ಸೋದರಳಿಯ ಇಂದ್ರನಿಗೆ ಪಟ್ಟ ಕಟ್ಟಿ ರಾಜ್ಯವನ್ನುಳಿಸಲು ಹೆಣಗಿದನು. ಕೈಗೂಡಲಿಲ್ಲ. ಸ್ವಲ್ಪ ಕಾಲದಲ್ಲೇ ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಸಲ್ಲೇಖನವನ್ನು ಕೈಕೊಂಡನು.

ಇಂದ್ರನು ಇನ್ನೂ ಕೆಲವು ವರ್ಷ ಬದುಕಿದ್ದನು. ಚಂದ್ರಗಿರಿಯ ಶಾಸನವು ಅವನ ವಂಶವನ್ನು ಹೇಳಿ, ಚೆಂಡಾಟದಲ್ಲಿ ಅವನಿಗಿದ್ದ ನೈಪುಣ್ಯವನ್ನು ಬಹು ವಿಸ್ತಾರವಾಗಿ ಹೊಗಳುತ್ತದೆ.