ಹೊಟ್ಟು ಪುಕ್ಕಟೆ, ಗಮನ ಪುಕ್ಕಟೆಯಲ್ಲ

ಮಗಾ, ಕುರಿ ಸಾಕುತ್ತೇನೆಂದು ಊರಿಗೆ ಬಂದಿದ್ದೀಯ, ಸಂತೋಷ. ಶೆಡ್ಡೂ ಚೆನ್ನಾಗಿದೆ. ನೆಲದಿಂದ ಎತ್ತರಿಸಿ, ಸಂದಿ ಬಿಟ್ಟು ಹಲಗೆ ಹಾಸಿ, ಹಿಕ್ಕೆ ತಾನಾಗಿ ಕೆಳಗೆ ಬೀಳುವಂತೆ ಮಾಡಿಸಿದ್ದೀಯ. ಗೋದಲಿಗೆ ಬಣ್ಣ ಬಳಿಸಿದ್ದೀಯ. ಮರಿಗಳಿಗೆ ಆ ಬಣ್ಣದಿಂದ ಏನೂ ಆಗಬೇಕಿಲ್ಲ. ಇರಲಿ, ನಿನ್ನ ಫೋಟೋಗೆ ಚೆಂದ. ಆದರೆ ಮೇವಿನ ಕೋಣೆಯಲ್ಲಿ ಅಂಗಡಿ ಚೀಲ ಬಿಟ್ಟರೆ ಬೇರೇನೂ ಇಲ್ಲ. ನಿನ್ನ ಬದುವಿನಾಚೆ ತೊಗರಿ ಒಕ್ಕಿದವರು ಹೊಟ್ಟಿಗೆ ಬೆಂಕಿ ಇಡುತ್ತಾರೆ, ನೀನು ಪೇಟೆಯಿಂದ ಚೀಲ ಹೇರಿಕೊಂಡು ಬರುತ್ತೀಯ. ಇದಕ್ಕೆ ಏನನ್ನಬೇಕು, ನೀನೇ ಹೇಳು.

ಸಿಟ್ಟಾಗಬೇಡ. ನಿನಗೆ ಕೈಯಿದೆ, ಕಣ್ಣಿದೆ, ಹುರುಪಿದೆ. ಇಲ್ಲದ್ದು ತಾಳ್ಮೆ ಒಂದೇ. ಅದನ್ನು ಮರಿಗಳೇ ಕಲಿಸುತ್ತವೆ, ಆದರೆ ಅವುಗಳ ಪಾಠಕ್ಕೆ ಫೀಸು ಜಾಸ್ತಿ. ನನ್ನದು ಬಿಟ್ಟಿ. ಕೇಳಿಸಿಕೋ.

ಬೆಳೆಯ ಉಳಿಕೆಯನ್ನು ಕುರಿಗೆ ಹಾಕುವುದು ಈಗ ಯಾರೋ ಕಂಡುಹಿಡಿದ ವಿದ್ಯೆಯಲ್ಲ. ಸುಗ್ಗಿ ಮುಗಿದ ಮೇಲೆ ಹಿಂಡುಗಳು ಹೊಲದಿಂದ ಹೊಲಕ್ಕೆ ಬರುತ್ತಿದ್ದವು. ಹಗಲು ಕೂಳೆ, ಉದುರಿದ ಎಲೆ, ಕಾಯಿಸಿಪ್ಪೆ ಮೇಯುತ್ತಿದ್ದವು, ರಾತ್ರಿ ಅಲ್ಲೇ ಮಲಗಿ ಹೊಲಕ್ಕೆ ಹಿಕ್ಕೆ ಗಂಜಲ ಕೊಡುತ್ತಿದ್ದವು. ಕುರಿ ನಿಲ್ಲಿಸಿದ್ದಕ್ಕೆ ಹೊಲದವನೇ ಕುರುಬನಿಗೆ ಕಾಳು ಅಳೆಯುತ್ತಿದ್ದ. ಚಿತ್ರದುರ್ಗ, ಬಳ್ಳಾರಿ, ಕೊಪ್ಪಳದ ಕಡೆ ಇವತ್ತಿಗೂ ಇದು ಪೂರ್ತಿ ನಿಂತಿಲ್ಲ. ನೀನು ಶೆಡ್ಡಿನಲ್ಲಿ ಕಟ್ಟಿ ಮೇಯಿಸುವವನು. ಹಿಂಡು ಹೊಲಕ್ಕೆ ಹೋಗುವುದಿಲ್ಲ ಎಂದ ಮೇಲೆ ಹೊಲವೇ ಶೆಡ್ಡಿಗೆ ಬರಬೇಕು. ತರುವವನು ನೀನೇ.

ಮೊದಲು ಯಾವ ತಿಂಗಳಲ್ಲಿ ಏನು ಸಿಗುತ್ತದೆಂದು ತಿಳಿ. ಮುಂಗಾರಿನ ಶೇಂಗಾ ಕಿತ್ತಾಗ ಬಳ್ಳಿ. ಡಿಸೆಂಬರ್, ಜನವರಿಯಲ್ಲಿ ತೊಗರಿ ಹೊಟ್ಟು. ಅದರ ಬೆನ್ನಿಗೇ ಕಡಲೆ ಹೊಟ್ಟು, ಹುರುಳಿ ಹೊಟ್ಟು. ಆಮೇಲೆ ಹಿಂಗಾರಿ ಜೋಳದ ಸೊಪ್ಪೆ. ಮೆಕ್ಕೆಜೋಳದ ದಂಟು, ಸೂರ್ಯಕಾಂತಿಯ ತೆನೆ, ದಾಲ್ ಮಿಲ್ಲಿನ ಚುನ್ನಿ, ಎಣ್ಣೆ ಮಿಲ್ಲಿನ ಹಿಂಡಿ, ಅಕ್ಕಿ ಮಿಲ್ಲಿನ ತೌಡು. ಒಂದು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದು ಗೋಡೆಗೆ ತೂಗುಹಾಕು. ಕಣ ನಡೆಯುವಾಗ ಹೋಗಿ ಕೇಳಿದರೆ ಹೊಟ್ಟಿಗೆ ಬೆಲೆಯಿಲ್ಲ. ಬೇಸಿಗೆ ಹತ್ತಿದ ಮೇಲೆ ಕೇಳಿದರೆ ಅದಕ್ಕೆ ಅವರು ಹೇಳಿದ್ದೇ ಬೆಲೆ. ನೀನು ಏಪ್ರಿಲ್‌ನಲ್ಲಿ ಎದ್ದು ಹೊಟ್ಟು ಹುಡುಕುವ ಪೈಕಿ ಎಂದು ನನಗೆ ಅನುಮಾನ.

ಎಲ್ಲ ಹೊಟ್ಟೂ ಒಂದೇ ಅಂದುಕೊಳ್ಳಬೇಡ. ಭತ್ತದ ಹುಲ್ಲಿನಲ್ಲಿ ಸಸಾರಜನಕ ನೂರಕ್ಕೆ 3ರಿಂದ 4 ಭಾಗ. ಚೆನ್ನಾಗಿ ಒಣಗಿಸಿದ ಶೇಂಗಾ ಬಳ್ಳಿಯಲ್ಲಿ 8ರಿಂದ 12 ಭಾಗ. ದ್ವಿದಳದ ಬೆಳೆಯ ಉಳಿಕೆಗೂ ಏಕದಳದ್ದಕ್ಕೂ ಇರುವ ಅಂತರ ಅಷ್ಟು. ಭತ್ತದ ಹುಲ್ಲು ಎತ್ತಿಗೆ ಸರಿ, ಬೆಳೆಯುವ ಮರಿಗೆ ಹೊಟ್ಟೆ ತುಂಬಿಸುತ್ತದೆ, ಮೈ ತುಂಬಿಸುವುದಿಲ್ಲ. ಮರಿಗೆ ಶೇಂಗಾ, ತೊಗರಿ, ಕಡಲೆ, ಹುರುಳಿ ಮೊದಲು. ಜೋಳ, ಮೆಕ್ಕೆಜೋಳ ಆಮೇಲೆ.

ದ್ವಿದಳದಲ್ಲೂ ಸಾರವಿರುವುದು ಎಲೆಯಲ್ಲಿ, ಕಡ್ಡಿಯಲ್ಲಲ್ಲ. ಶೇಂಗಾ ಬಳ್ಳಿಯನ್ನು ಬಿಸಿಲಿಗೆ ಬಿಟ್ಟು ಮರೆತರೆ ಎಲೆಯೆಲ್ಲ ಹೊಲದಲ್ಲೇ ಉದುರಿ, ನೀನು ಮನೆಗೆ ತರುವುದು ಬರೀ ನಾರು. ಬೇಗ ಒಣಗಿಸು, ಇಬ್ಬನಿ ಆರುವ ಮುಂಚೆ, ಎಲೆ ಇನ್ನೂ ಮೆತ್ತಗಿರುವಾಗ ಹೊರೆ ಕಟ್ಟು, ಆಮೇಲೆ ಗಾಳಿಯಾಡುವ ನೆರಳಲ್ಲಿ ಪೂರ್ತಿ ಆರಲು ಬಿಡು. ಬೇರಿಗಂಟಿದ ಮಣ್ಣು ಕೊಡವು. ತೊಗರಿಯ ದಪ್ಪ ಕಟ್ಟಿಗೆ ಒಲೆಗೆ, ಎಲೆ ಮತ್ತು ಕಾಯಿಸಿಪ್ಪೆ ಮರಿಗೆ. ಮಷಿನ್ನಿನಲ್ಲಿ ಒಕ್ಕಿದ ಹೊಟ್ಟು ತುಂಬಾ ಧೂಳು. ಜರಡಿ ಆಡಿಸದೆ ಹಾಕಿದರೆ ಮರಿ ಸೀನುತ್ತದೆ, ಕೆಮ್ಮುತ್ತದೆ, ನೀನು ಶೀತವೆಂದು ಔಷಧಿ ತರುತ್ತೀಯ.

ಇನ್ನು ಮರಿಯ ಹೊಟ್ಟೆಯ ವಿಚಾರ. ಎಲ್ಲಕ್ಕಿಂತ ಹೆಚ್ಚು ಅವಸರ ಮಾಡುವುದು ಇಲ್ಲೇ.

ಹುಟ್ಟಿದ ಮರಿ ಮೆಲುಕು ಹಾಕುವ ಪ್ರಾಣಿಯಲ್ಲ. ಅದಕ್ಕೂ ಹೊಟ್ಟೆಯ ನಾಲ್ಕು ಕೋಣೆಗಳಿವೆ, ಆದರೆ ಕುಡಿದ ಹಾಲು ಮೊದಲ ಮೂರನ್ನು ದಾಟಿ ನೇರ ನಾಲ್ಕನೆಯದಕ್ಕೆ ಇಳಿಯುತ್ತದೆ. ಮೇವನ್ನು ಹುದುಗಿಸುವ ಮೊದಲ ದೊಡ್ಡ ಕೋಣೆ ಆಗ ಇನ್ನೂ ಸಣ್ಣ ಚೀಲ. ಅದು ಹಿಗ್ಗಬೇಕಾದರೆ ಮರಿ ಸ್ವಲ್ಪ ಸ್ವಲ್ಪವೇ ಗಟ್ಟಿ ಮೇವು ತಿಂದು ಅಭ್ಯಾಸ ಮಾಡಿಕೊಳ್ಳಬೇಕು. ಎಂಟು ವಾರ ಕಳೆಯುವ ಹೊತ್ತಿಗೆ ಅದು ಕೆಲಸಕ್ಕೆ ಹತ್ತುತ್ತದೆ. ಅಷ್ಟರೊಳಗೆ ಒರಟು ಹೊಟ್ಟನ್ನೇ ನಂಬಿಸಿದರೆ, ಹಲ್ಲು ಮೂಡದ ಕೂಸಿಗೆ ಚಕ್ಕುಲಿ ಕೊಟ್ಟ ಹಾಗೆ.

ಅದಕ್ಕೇ ಕ್ರಮ ಹಿಡಿ. ಹುಟ್ಟಿದ ಗಂಟೆ ಎರಡು ಗಂಟೆಯೊಳಗೆ ಗಿಣ್ಣು ಹಾಲು. ಇದರಲ್ಲಿ ಶಾಸ್ತ್ರ, ಮುಹೂರ್ತ ಯಾವುದೂ ಇಲ್ಲ. ಕಸ ಬಿದ್ದ ಮೇಲೆ ಕುಡಿಸೋಣ ಎನ್ನುವವರ ಮಾತು ಕೇಳಬೇಡ. ಎರಡನೆಯ ವಾರದಿಂದ ಮರಿಗೆಂದೇ ಒಂದು ಮೂಲೆ ಮಾಡು. ತಾಯಿ ನುಗ್ಗಲಾಗದ, ಮರಿ ಮಾತ್ರ ನುಸುಳುವ ಕಿಂಡಿ ಇಡು. ಅಲ್ಲಿ ಎಳೆ ಸೊಪ್ಪಿನ ಗೊಂಚಲು ಕಟ್ಟು, ಒಂದು ಹಿಡಿ ನುಚ್ಚು ಇಡು. ಮೊದಲ ದಿನ ಮೂಸಿ ಹೋಗುತ್ತವೆ, ಮಾರನೆಯ ದಿನ ನೆಕ್ಕುತ್ತವೆ. ತಿಂಗಳಾಗುವಾಗ ದಿನಕ್ಕೆ 50 ಗ್ರಾಂ, ಮೂರು ತಿಂಗಳಿಗೆ ಹಾಲು ಬಿಡಿಸುವಾಗ 200ರಿಂದ 250 ಗ್ರಾಂ ನುಚ್ಚು ತಿನ್ನುವಂತಾಗಬೇಕು. ತಾಯಿಯ ಹಾಲು ಮೂರು ನಾಲ್ಕು ವಾರಕ್ಕೆ ಏರಿ ಆಮೇಲೆ ಇಳಿಯುತ್ತದೆ. ಅದು ಇಳಿಯುವುದಕ್ಕೂ ಮರಿ ಮೇವಿಗೆ ಬಾಯಿ ಹಾಕುವುದಕ್ಕೂ ಹೊಂದಿಕೆಯಾದರೆ ನೀನು ಗೆದ್ದೆ.

ನೀನು ಅವಳಿ ಮರಿಯ ಆಸೆಗೆ ನಾರಿ ಸುವರ್ಣ ತರುತ್ತೇನೆಂದು ಹೇಳುತ್ತಿದ್ದೆಯಲ್ಲ. ಮಹಾರಾಷ್ಟ್ರದ ಫಲ್ಟಣದಲ್ಲಿರುವ ನಿಂಬ್ಕರ್ ಸಂಸ್ಥೆಯವರು ಬಂಗಾಳದ ಗರೋಲ್ ಕುರಿಯ ಅವಳಿ ಹೆರುವ ಗುಣವನ್ನು ನಮ್ಮ ದಖನಿ ಕುರಿಗೆ ತಂದು ಮಾಡಿದ ತಳಿ ಅದು. ತಾ, ಬೇಡವೆನ್ನುವುದಿಲ್ಲ. ಆದರೆ ಮರಿ ಎರಡಾದರೆ ತಾಯಿಯ ಹಾಲು ಎರಡರಷ್ಟಾಗುವುದಿಲ್ಲ. ಮರಿಗಳ ಮೂಲೆಯ ಮೇವಿನಲ್ಲಿ ಸೋತವನಿಗೆ ಅವಳಿಯೆಂದರೆ ಎರಡು ಸೊರಗಿದ ಮರಿ, ಅಷ್ಟೆ.

ನುಚ್ಚು ಯಾವುದು ಎನ್ನುತ್ತೀಯ. ಅಂಗಡಿಯ ಚೀಲವೇ ಆಗಬೇಕಿಲ್ಲ. ನೂರು ಕಿಲೋಗೆ ಲೆಕ್ಕ ಬರೆದುಕೋ: ತರಿಯಾಗಿ ಒಡೆದ ಮೆಕ್ಕೆಜೋಳ 40, ಶೇಂಗಾ ಹಿಂಡಿ 20, ತೊಗರಿ ಚುನ್ನಿ 20, ಗೋಧಿ ಬೂಸಾ 17, ಖನಿಜ ಮಿಶ್ರಣ 2, ಉಪ್ಪು 1. ಸಸಾರಜನಕ ನೂರಕ್ಕೆ ಹದಿನೇಳರ ಆಸುಪಾಸು ಬರುತ್ತದೆ, ಬೆಳೆಯುವ ಮರಿಗೆ ಅಷ್ಟು ಬೇಕು. ಹಿಟ್ಟಾಗಿ ಬೀಸಬೇಡ. ಖನಿಜ ಮಿಶ್ರಣ ಕುರಿಗೆಂದೇ ಮಾಡಿದ್ದನ್ನು ಕೇಳಿ ತಾ. ತಾಮ್ರ ಹೆಚ್ಚಾದರೆ ಬೇರೆ ಜಾನುವಾರುಗಳಿಗಿಂತ ಕುರಿಗೆ ಬೇಗ ವಿಷ. ಹಾಲು ಬಿಟ್ಟ 15 ಕಿಲೋ ಮರಿಗೆ ದಿನಕ್ಕೆ ಒಣ ಲೆಕ್ಕದಲ್ಲಿ 500ರಿಂದ 600 ಗ್ರಾಂ ಮೇವು ಬೇಕು. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನಿನ್ನ ಹೊಟ್ಟು ಮತ್ತು ಬಳ್ಳಿ, ಉಳಿದದ್ದು ಈ ನುಚ್ಚು.

ಈಗ ಕೈ ಕಟ್ಟಿಹಾಕಬೇಕಾದ ಜಾಗಗಳು.

ಒಂದು, ಮೇವನ್ನು ದಿಢೀರನೆ ಬದಲಿಸಬೇಡ. ಹತ್ತು ಹನ್ನೆರಡು ದಿನ ತೆಗೆದುಕೊಂಡು ಹಳೆಯದರಲ್ಲಿ ಹೊಸದನ್ನು ಬೆರೆಸುತ್ತಾ ಹೋಗು. ಮೇವನ್ನು ಹುದುಗಿಸುವುದು ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು, ಅವಕ್ಕೂ ಹೊಸ ಮೇವು ಒಗ್ಗಬೇಕು. ಮದುವೆ ಮನೆಯಲ್ಲಿ ಉಳಿದ ಅನ್ನವನ್ನು ಪ್ರೀತಿಯಿಂದ ಮರಿಗಳ ಮುಂದೆ ಸುರಿದು, ಬೆಳಗಾಗುವಾಗ ಹೊಟ್ಟೆ ಹುಳಿಯಾಗಿ ಬಿದ್ದ ಮರಿಗಳನ್ನು ಎಣಿಸಿದವರಿದ್ದಾರೆ. ಕಾಳಿನ ಮೂಟೆ ಬಿಚ್ಚಿಟ್ಟು ಬಾಗಿಲು ಮರೆತರೂ ಅದೇ ಗತಿ. ಕರುಳು ಬೇನೆಯೂ ಹೀಗೇ ಬರುತ್ತದೆ, ಅದೂ ಹಿಂಡಿನ ದಷ್ಟಪುಷ್ಟ ಮರಿಯನ್ನೇ ಮೊದಲು ಆರಿಸುತ್ತದೆ. ಮುಂಗಾರಿನ ಮುಂಚೆ ಪಶುವೈದ್ಯರನ್ನು ಕರೆದು ಲಸಿಕೆ ಹಾಕಿಸು. ಮರಿಗೆ ಮೊದಲ ಸಲವಾದರೆ ಎರಡನೆಯ ಚುಚ್ಚು ಯಾವಾಗೆಂದು ಅವರನ್ನೇ ಕೇಳಿ ಗುರುತು ಹಾಕಿಕೋ.

ಎರಡು, ಬೂಷ್ಟು. ಮುಗ್ಗಲು ವಾಸನೆ ಬಂದ ಶೇಂಗಾ ಹಿಂಡಿ, ಕಪ್ಪಾದ ಮೆಕ್ಕೆಜೋಳ ಅಗ್ಗಕ್ಕೆ ಸಿಕ್ಕಿತೆಂದು ಹೊತ್ತು ತರಬೇಡ. ಅದರಲ್ಲಿ ಬೆಳೆವ ಅಫ್ಲಾಟಾಕ್ಸಿನ್ ಎಂಬ ವಿಷ ಕಾಯಿಸಿದರೂ ಹೋಗುವುದಿಲ್ಲ, ತೊಳೆದರೂ ಹೋಗುವುದಿಲ್ಲ, ಈಲಿಯನ್ನು ತಿನ್ನುತ್ತದೆ. ಮೇವನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲಿಡು, ಗೋಡೆಯಿಂದ ಮೊಳ ದೂರ ಇಡು. ಹೊಟ್ಟಿನ ಬಣವೆಯೊಳಗೆ ಕೈ ತೂರಿಸಿ ನೋಡು. ಬಿಸಿ ಹತ್ತಿದರೆ ಅವತ್ತೇ ಹರವು.

ಮೂರು, ಸಿಕ್ಕಿದ್ದೆಲ್ಲ ಹಿಂಡಿಯಲ್ಲ. ಹರಳು ಹಿಂಡಿ, ಹೊಂಗೆ ಹಿಂಡಿ ಹೊಲಕ್ಕೆ ಗೊಬ್ಬರ, ಮರಿಗೆ ವಿಷ. ಹತ್ತಿ ಕಾಳಿನ ಹಿಂಡಿಯಲ್ಲಿ ಗಾಸಿಪಾಲ್ ಎಂಬುದಿದೆ. ದೊಡ್ಡ ಕುರಿ ಅದನ್ನು ಒಂದು ಮಟ್ಟಕ್ಕೆ ತಾಳಿಕೊಳ್ಳುತ್ತದೆ, ಮೆಲುಕು ಹತ್ತದ ಮರಿ ತಾಳುವುದಿಲ್ಲ. ಯೂರಿಯಾದಲ್ಲಿ ಉಪಚರಿಸಿದ ಹುಲ್ಲೂ ಅಷ್ಟೆ: 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾ, 50 ಲೀಟರ್ ನೀರು, ಮೂರು ವಾರ ಗಾಳಿಯಾಡದಂತೆ ಮುಚ್ಚಿ ಮಾಡುವ ಒಳ್ಳೆಯ ವಿಧಾನ, ಆದರೆ ಆರು ತಿಂಗಳೊಳಗಿನ ಮರಿಗೆ ಅದನ್ನು ತೋರಿಸಲೇಬೇಡ. ಜೋಳ ಕೊಯ್ದ ಮೇಲೆ ಕೂಳೆಯಿಂದ ಚಿಗುರಿದ ಎಳೆ ಸುಳಿಯನ್ನು ನೋಡಿ ಮರುಳಾಗಬೇಡ, ಅದರಲ್ಲಿ ಸಯನೈಡ್ ಇರುತ್ತದೆ. ಮಾರುಕಟ್ಟೆಯ ತರಕಾರಿ ಸಿಪ್ಪೆ, ದಾಳಿಂಬೆ ತೋಟದ ಎಲೆ ತರುವ ಮುಂಚೆ ಕೊನೆಯ ಸಲ ಯಾವಾಗ ಔಷಧಿ ಹೊಡೆದರೆಂದು ಕೇಳು. ಕೇಳಲು ಸಂಕೋಚವಾದರೆ ತರಬೇಡ.

ನಾಲ್ಕು, ಟಗರು ಮರಿಗೆ ಬೂಸಾ, ತೌಡು ಮಿತಿ ಮೀರಿದರೆ ಮೂತ್ರದಲ್ಲಿ ಕಲ್ಲು ಕಟ್ಟುತ್ತದೆ. ಅವುಗಳಲ್ಲಿ ರಂಜಕ ಹೆಚ್ಚು, ಸುಣ್ಣ ಕಡಿಮೆ. ಬಕ್ರೀದಿಗೆಂದು ಸಾಕಿದ ಚೆಂದದ ಟಗರು ಹಬ್ಬದ ಮುಂಚೆ ತಿಣುಕುತ್ತಾ ನಿಂತರೆ ನಿನ್ನ ವರ್ಷದ ದುಡಿಮೆಯೇ ಹೋಯಿತು. ದ್ವಿದಳದ ಹೊಟ್ಟಿನಲ್ಲಿ ಸುಣ್ಣದ ಅಂಶ ಚೆನ್ನಾಗಿದೆ; ಅದನ್ನು ಬಿಟ್ಟು ಬರೀ ಬೂಸಾ ಹಾಕುವವನಿಗೇ ಈ ಪಾಡು. ಉಪ್ಪು ಕೊಡು, ಶುದ್ಧ ನೀರು ಯಾವಾಗಲೂ ಎದುರಿಗಿರಲಿ.

ಇಷ್ಟೆಲ್ಲ ಕೇಳಿ ತಲೆ ಕೆರೆದುಕೊಳ್ಳಬೇಡ. ಲೆಕ್ಕ ದೊಡ್ಡದಲ್ಲ, ಅಭ್ಯಾಸ ದೊಡ್ಡದು. ಬೆಳಿಗ್ಗೆ ಎದ್ದ ಕೂಡಲೇ ಮೊಬೈಲಲ್ಲ, ಗೋದಲಿ ನೋಡು. ನಿನ್ನೆಯ ಮೇವಿನಲ್ಲಿ ಉಳಿದದ್ದು ಬರೀ ಕಡ್ಡಿಯೋ, ಎಲೆಯೂ ಇದೆಯೋ? ಎಲೆ ಉಳಿದಿದ್ದರೆ ಮೇವಿನಲ್ಲೋ ಮರಿಯಲ್ಲೋ ಏನೋ ಕೆಟ್ಟಿದೆ. ಬರೀ ಕಡ್ಡಿಯಾದರೆ ಇನ್ನಷ್ಟು ಸಣ್ಣಗೆ ಕತ್ತರಿಸು. ಹಿಕ್ಕೆ ಗುಂಡಗಿದೆಯೋ, ಮೆತ್ತಗಾಗಿದೆಯೋ? ಎಲ್ಲವೂ ಮೆಲುಕು ಹಾಕುತ್ತಿವೆಯೋ, ಒಂದು ಮಾತ್ರ ಮೂಲೆಗೆ ಮುಖ ಮಾಡಿದೆಯೋ? ಜಂತಿನ ಔಷಧಿ ಹಾಕದೆ ಒಳ್ಳೆಯ ಮೇವು ಹಾಕಿದರೆ ಜಂತನ್ನೇ ಸಾಕಿದಂತಾಗುತ್ತದೆ, ಅದೂ ನೆನಪಿರಲಿ. ಹದಿನೈದು ದಿನಕ್ಕೊಮ್ಮೆ ನಾಲ್ಕು ಮರಿ ಹಿಡಿದು ತೂಗು, ಬರೆದಿಡು. ನಮ್ಮ ನಾಡ ತಳಿಯ ಮರಿ ದಿನಕ್ಕೆ 100 ಗ್ರಾಂ ಏರುತ್ತಿದ್ದರೆ ನಿನ್ನ ಮೇವು ಸರಿಯಿದೆ. ಏರದಿದ್ದರೆ ತಳಿಯನ್ನು ಬಯ್ಯಬೇಡ.

ಸಂಶಯ ಬಂದರೆ ನನ್ನ ಮಾತನ್ನೇ ಹಿಡಿದು ಕೂರಬೇಡ. ಬೆಂಗಳೂರಿನ ಆಡುಗೋಡಿಯಲ್ಲಿ ಪಶು ಪೋಷಣೆಗೆಂದೇ ರಾಷ್ಟ್ರೀಯ ಸಂಸ್ಥೆಯಿದೆ, ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ. ಯಾವ ಮೇವಿನಲ್ಲಿ ಎಷ್ಟು ಸಾರವೆಂದು ಅಳೆದು ನೋಡುವುದೂ ಅಲ್ಲಿನವರ ಕೆಲಸ. ಕೇಳುವವನಿಗೆ ಹೇಳುತ್ತಾರೆ.

ಚೀಲದ ಮೇವು ಕೆಟ್ಟದ್ದೆಂದು ನಾನು ಹೇಳಲಿಲ್ಲ. ದುಡ್ಡು ಕೊಟ್ಟರೆ ಅದು ಗಮನದ ಕೆಲಸವನ್ನು ಸ್ವಲ್ಪ ಕಡಿಮೆ ಮಾಡುತ್ತದೆ. ಹೊಟ್ಟು ದುಡ್ಡು ಉಳಿಸುತ್ತದೆ, ಗಮನವನ್ನು ಪೂರ್ತಿ ಕೇಳುತ್ತದೆ. ಎರಡನ್ನೂ ಉಳಿಸುತ್ತೇನೆಂದು ಹೊರಟವನ ಶೆಡ್ಡು ಎರಡೇ ವರ್ಷದಲ್ಲಿ ಖಾಲಿ. ಈ ಸಲದ ತೊಗರಿ ಒಕ್ಕಣೆಗೆ ಇನ್ನೂ ದಿನವಿದೆ. ಪಕ್ಕದ ಹೊಲದವನಿಗೆ ಇವತ್ತೇ ಮಾತು ಕೊಟ್ಟು ಬಾ, ಕಣದ ದಿನ ತಾಡಪಾಲು ಹಿಡಿದು ಅವನಿಗಿಂತ ಮೊದಲು ಹೋಗಿ ನಿಲ್ಲು.