ಮುಪ್ಪಿನಲ್ಲಿ ಒಡನಾಟದ ಬಲ

ಮುಪ್ಪಿನವರಿಗೆ ಅನ್ನವೂ ಹಾಸಿಗೆಯೂ ಔಷಧವೂ ದೊರೆತರೆ ಸಾಕೆಂದು ನಾವು ನೆನಸುವದುಂಟು. ಇವು ಅವಶ್ಯವೇ ಸರಿ. ಆದರೆ ಜನರ ಒಡನಾಟವಿಲ್ಲದಿದ್ದರೆ ಇವೆಲ್ಲಾ ಇದ್ದಾಗ್ಯೂ ದೇಹವು ಬೇಗನೆ ಕುಗ್ಗುವದು. ಇದು ಬರೀ ಮಾತಲ್ಲ, ಪರೀಕ್ಷಿಸಿ ಕಂಡ ಸಂಗತಿಯೇ.

ಅಮೇರಿಕ ದೇಶದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ ಅಲಮೀಡವೆಂಬ ಜಿಲ್ಲೆಯುಂಟು. 1965ರಲ್ಲಿ ಅಲ್ಲಿಯ 6,928 ಮಂದಿಯನ್ನು ವಿಚಾರಿಸಿ, ಅವರಿಗೆ ಮದುವೆಯಾಗಿದೆಯೋ, ಬಂಧುಮಿತ್ರರ ಭೇಟಿ ಎಷ್ಟು, ಸಭೆ ಸಂಘಗಳಲ್ಲಿ ಸೇರಿದ್ದಾರೋ ಎಂಬದನ್ನು ಬರೆದುಕೊಂಡರು. ಇವರೊಳಗೆ 30ರಿಂದ 69 ವರುಷದವರ ವಿಷಯವಾಗಿ ಬರ್ಕ್‌ಮನ್, ಸೈಮ್ ಎಂಬ ಪಂಡಿತರು 1979ರಲ್ಲಿ ಲೆಕ್ಕ ಪ್ರಕಟಿಸಿದರು. ಒಂಭತ್ತು ವರುಷಗಳೊಳಗೆ, ಒಡನಾಟ ಅತಿ ಕಡಿಮೆಯಿದ್ದವರಲ್ಲಿ ಮರಣವು, ಒಡನಾಟ ಹೆಚ್ಚಿದ್ದವರಿಗಿಂತ, ಗಂಡಸರಲ್ಲಿ 2.3 ಪಾಲು, ಹೆಂಗಸರಲ್ಲಿ 2.8 ಪಾಲು ಆಗಿತ್ತು. ಹೊಗೆಸೊಪ್ಪು, ಮದ್ಯಪಾನ ಮೊದಲಾದವುಗಳನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಭೇದವು ಉಳಿಯಿತು.

ಇದು ಹೇಗಾಗುವದು? ನೋಡಹೋಗಲು ಒಬ್ಬ ಗೆಳೆಯನಿದ್ದರೆ ಮುದುಕನು ಕೋಲು ಹಿಡಿದು ನಡೆಯುವನು. ನಡೆದ ಕಾಲು ಬಲವಾಗುವದು. ಮಾತಾಡುವದರಿಂದ ಜ್ಞಾಪಕಶಕ್ತಿಗೆ ಸಾಧಕ ಸಿಕ್ಕುವದು. ಸಂಗಡ ಉಣ್ಣುವವರಿದ್ದರೆ ಊಟ ರುಚಿಸುವದು. ಜ್ವರ ಬಂದರೆ, ಬಿದ್ದರೆ, ಯಾರಾದರೂ ಬೇಗ ತಿಳಿಯುವರು.

ಆದರೆ ಇಲ್ಲಿ ಒಂದು ಎಚ್ಚರಿಕೆಯುಂಟು. ಅದೇ ದೇಶದಲ್ಲಿ 70ರಿಂದ 79 ವರುಷದ ಗಟ್ಟಿಮುಟ್ಟಾದ ವೃದ್ಧರನ್ನು ಕುರಿತು 1996ರಲ್ಲಿ ಪ್ರಕಟವಾದ ಶೋಧನೆಯಲ್ಲಿ, ಕೆಲಸಕಾರ್ಯಗಳಲ್ಲಿ ಇತರರ ಸಹಾಯವನ್ನು ಹೆಚ್ಚಾಗಿ ಪಡೆದ ಗಂಡಸರೇ ಸ್ನಾನ, ಉಡುಪು ಮುಂತಾದವುಗಳಿಗೆ ಪರಾಧೀನರಾಗುವದು ಹೆಚ್ಚೆಂದು ಕಂಡಿತು. ಬಲಗುಂದತೊಡಗಿದವರಿಗೇ ಸಹಾಯ ಹೆಚ್ಚು ಸಿಕ್ಕುವದೂ ಇದಕ್ಕೆ ಒಂದು ಕಾರಣವಾಗಿರಬಹುದು. ಆದಾಗ್ಯೂ ಉಪಯೋಗಿಸದ ಕೈ ಸೋಲುವದೆಂಬದು ನಿಜವಷ್ಟೆ.

"ಅಮ್ಮಾ, ನೀನು ಸುಮ್ಮನೆ ಕೂತಿರು" ಎಂದು ಸೊಸೆಯು ಅತ್ತೆಯ ಕೈಯಿಂದ ಮೊರವನ್ನು ಕಸಕೊಳ್ಳುವದು ಪ್ರೀತಿಯಿಂದಲೇ. ಆದರೆ ಆ ಪ್ರೀತಿಯು ಅತ್ತೆಯನ್ನು ಮೂಲೆಗೆ ಕಟ್ಟುವದು. ಮೊರವನ್ನು ಆಕೆಯ ಕೈಯಲ್ಲಿಯೇ ಬಿಟ್ಟು, ಪಕ್ಕದಲ್ಲಿ ಕೂತು ಮಾತಾಡುತ್ತಾ ಅಕ್ಕಿ ಆರಿಸುವದು ಅದಕ್ಕಿಂತ ಉತ್ತಮ. ಆಗದ ಕೆಲಸಕ್ಕೆ ಕೈ ಕೊಡೋಣ, ಆಗುವ ಕೆಲಸವನ್ನು ಕಸಕೊಳ್ಳದಿರೋಣ.

ಆದದರಿಂದ ಈ ವಾರ ನಮ್ಮನ್ನು ನಾವೇ ಕೇಳಿಕೊಳ್ಳೋಣ: ನಮ್ಮ ಬೀದಿಯಲ್ಲಿ ಒಂಟಿಯಾಗಿರುವ ವೃದ್ಧರು ಯಾರು? ಅವರ ಬಾಗಲಿಗೆ ಹೋಗಿ ಎಷ್ಟು ದಿವಸವಾಯಿತು? ನಮ್ಮ ಮನೆಯ ಹಿರಿಯರಿಗೆ ನಾವು ಯಾವ ಕೆಲಸವನ್ನು ಉಳಿಸಿದ್ದೇವೆ?